ಕಪಾಟಿನ ಪಕ್ಕಕ್ಕೊಂದು ಇ-ರೀಡರ್: ಕನ್ನಡ ಓದುಗರು ಅಣಿಯಾಗುವ ಬಗೆ

ಕಳೆದ ಸಲ ಬಾಡಿಗೆ ಮನೆ ಬದಲಿಸಿದಾಗ ನಮ್ಮ ಸಾಮಾನಿನಲ್ಲಿ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳೇ 23 ಇದ್ದವು. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಅವನ್ನು ಹೊತ್ತ ಹುಡುಗರು ಹತ್ತನೆಯ ಪೆಟ್ಟಿಗೆಯ ಹೊತ್ತಿಗೆ ಕೂಲಿಯ ಮಾತನ್ನು ಮತ್ತೆ ಎತ್ತಿದರು. ಅವರ ಮಾತು ನ್ಯಾಯವಾದದ್ದೇ ಆಗಿತ್ತು. ಇ-ಪುಸ್ತಕ ಓದಲೆಂದೇ ಇರುವ ಇ-ರೀಡರ್ ಎಂಬ ಸಾಧನವನ್ನು ಕೊಳ್ಳಬೇಕೆಂಬ ಯೋಚನೆ ನನ್ನಲ್ಲಿ ಗಟ್ಟಿಯಾದದ್ದು ಆ ಮೆಟ್ಟಿಲುಗಳ ಮೇಲೆ. ಕೊಂಡ ದಿನ ಸಂತೋಷವಾಯಿತೆಂದು ಹೇಳಲಾರೆ. ಹೊಸ ಪುಸ್ತಕ ತಂದ ಕೂಡಲೇ ಮಧ್ಯದ ಪುಟ ತೆರೆದು ಮೂಸಿ ನೋಡುವ ಅಭ್ಯಾಸದವನಿಗೆ, ಬೂದುಬಣ್ಣದ ಆ ಹಲಗೆಯನ್ನು ಕೈಯಲ್ಲಿ ಹಿಡಿದಾಗ, ಕಪಾಟಿನ ಕಡೆ ತಿರುಗಿ ನೋಡಲು ಸಂಕೋಚವಾಯಿತು. ನಾಲ್ಕು ವರ್ಷಗಳ ಬಳಕೆಯ ನಂತರವೂ ಆ ಸಂಕೋಚ ಪೂರ್ತಿ ಹೋಗಿಲ್ಲ. ಆದರೆ ಅದರಲ್ಲಿ ಎಷ್ಟು ಭಾಗ ನಿಜವಾದ ಕಾರಣ, ಎಷ್ಟು ಭಾಗ ಬರೀ ಹಟ ಎಂಬುದು ತಿಳಿದಿದೆ. ಅದೇ ಹೊಸ್ತಿಲಲ್ಲಿ ನಿಂತವರಿಗೆ ಉಪಯೋಗವಾಗಲೆಂದು, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ, ಇದನ್ನು ಬರೆದಿದ್ದೇನೆ. ಇಂಗ್ಲಿಷ್ ಓದುಗರಿಗಾಗಿ ಬರೆದ ಸಲಹೆಗಳು ನಮಗೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತವೆ. ಒತ್ತಕ್ಷರದ ಮಾತು ಬಂದಲ್ಲಿ ಅವು ನಿಂತುಬಿಡುತ್ತವೆ.

ಮೊದಲು ಪಟ್ಟಿ, ಆಮೇಲೆ ಅಂಗಡಿ

ಸಾಧನದ ಬೆಲೆ ವಿಚಾರಿಸುವ ಮೊದಲು ಒಂದು ಹಾಳೆಯ ಮೇಲೆ ನೀವು ಕಡೆಯದಾಗಿ ಓದಿ ಮುಗಿಸಿದ ಇಪ್ಪತ್ತು ಪುಸ್ತಕಗಳ ಹೆಸರು ಬರೆಯಿರಿ. ಓದಬೇಕೆಂದುಕೊಂಡ ಪುಸ್ತಕಗಳು ಬೇಡ, ನಿಜವಾಗಿ ಓದಿದವೇ ಇರಲಿ. ಪ್ರತಿಯೊಂದರ ಮುಂದೆ ಅದು ಯಾವ ಭಾಷೆಯದು, ಇ-ಪುಸ್ತಕವಾಗಿ ನ್ಯಾಯವಾದ ದಾರಿಯಲ್ಲಿ ಸಿಗುತ್ತದೆಯೇ, ಸಿಕ್ಕರೆ ಎಲ್ಲಿ ಎಂದು ಗುರುತು ಹಾಕಿ. ನನ್ನ ಪಟ್ಟಿಯಲ್ಲಿ 13 ಕನ್ನಡದವು, 7 ಇಂಗ್ಲಿಷಿನವು ಇದ್ದವು. ಇಂಗ್ಲಿಷಿನ ಏಳೂ ಇ-ಪುಸ್ತಕವಾಗಿ ಸಿಗುತ್ತಿದ್ದವು. ಕನ್ನಡದ ಹದಿಮೂರರಲ್ಲಿ ಸಿಕ್ಕದ್ದು ನಾಲ್ಕು, ಆ ನಾಲ್ಕರಲ್ಲಿ ಮೂರು ಮೊಬೈಲ್ ಆ್ಯಪ್‌ನೊಳಗೆ ಮಾತ್ರ ತೆರೆಯುವಂಥವು. ಈ ಲೆಕ್ಕವನ್ನು ನಾನು ಮಾಡಿದ್ದು ಸಾಧನ ಕೊಂಡು ಎರಡು ತಿಂಗಳಾದ ಮೇಲೆ ಎಂಬುದು ಬೇರೆ ಮಾತು.

ಹೀಗಾಗಲು ಕಾರಣವಿದೆ. 2016ರ ಕೊನೆಯಲ್ಲಿ ಅಮೆಜಾನ್ ಸಂಸ್ಥೆ ತನ್ನ ಇ-ರೀಡರ್ ಆದ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ವಿಭಾಗವನ್ನು ತೆರೆದಾಗ ಅದರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಹೆಚ್ಚಾಗಿ ಬೆಳೆದದ್ದು ಮೈಲ್ಯಾಂಗ್, ವಿವಿಡ್‌ಲಿಪಿಯಂತಹ ನಮ್ಮವರೇ ಕಟ್ಟಿದ ತಾಣಗಳಲ್ಲಿ, ಜೊತೆಗೆ ಗೂಗಲ್ ಪ್ಲೇ ಬುಕ್ಸ್‌ನಲ್ಲಿ. ಹೀಗಾಗಿ "ಯಾವ ಇ-ರೀಡರ್ ಒಳ್ಳೆಯದು?" ಎಂದು ಕೇಳುವ ಮೊದಲು ಕನ್ನಡ ಓದುಗರು "ನನ್ನ ಪುಸ್ತಕಗಳು ಯಾವ ಬಾಗಿಲಿನಿಂದ ಒಳಗೆ ಬರುತ್ತವೆ?" ಎಂದು ಕೇಳಿಕೊಳ್ಳಬೇಕು.

ಸಾಧನವನ್ನು ಆರಿಸುವುದು

ಇ-ರೀಡರಿನ ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಕೋಶಗಳಿದ್ದು, ಅವುಗಳಲ್ಲಿ ವಿದ್ಯುದಂಶವುಳ್ಳ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಹರಿಸಿದಾಗ ಬೇಕಾದ ಬಣ್ಣದ ಕಣಗಳು ಮೇಲಕ್ಕೆ ಬಂದು ಅಕ್ಷರವಾಗಿ ನಿಲ್ಲುತ್ತವೆ. ಒಮ್ಮೆ ನಿಂತ ಪುಟ ಹಾಗೆಯೇ ಉಳಿಯಲು ವಿದ್ಯುತ್ ಬೇಡ. ಪುಟ ತಿರುಗಿಸುವಾಗ ಮಾತ್ರ ಬೇಕು. ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಇದರಿಂದಲೇ. ಮೊಬೈಲ್ ಪರದೆ ಬೆಳಕನ್ನು ನೇರವಾಗಿ ಕಣ್ಣಿಗೆ ಎಸೆದರೆ, ಇದು ಕಾಗದದ ಹಾಗೆ ಹೊರಗಿನ ಬೆಳಕನ್ನು ಹಿಂದಿರುಗಿಸುತ್ತದೆ. ರಾತ್ರಿ ಓದಲು ಬೇಕಾದ ಬೆಳಕು ಕೂಡ ಪರದೆಯ ಅಂಚಿನಿಂದ ಮೇಲ್ಮೈಯ ಮೇಲೆ ಹರಡುತ್ತದೆ. ಬಿಸಿಲಲ್ಲಿ ಜಗಲಿಯ ಮೇಲೆ ಕುಳಿತು ಓದುವವರಿಗೆ ಈ ವ್ಯತ್ಯಾಸ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮೊಬೈಲ್ ಇದೆಯಲ್ಲ, ಸಾಕು ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಓದಿನ ನಡುವೆ ಮದುವೆ ಮನೆಯ ವಾಟ್ಸಾಪ್ ಗುಂಪಿನ ಸದ್ದು ಬಾರದಿರುವುದು ಇ-ರೀಡರಿನ ದೊಡ್ಡ ಗುಣ.

ಸಾಧನಗಳಲ್ಲಿ ನಮಗೆ ಮುಖ್ಯವಾದವು ಎರಡು ಬಗೆ. ಮೊದಲನೆಯದು ಒಂದು ಪುಸ್ತಕದಂಗಡಿಗೆ ಅಂಟಿಕೊಂಡ ಕಿಂಡಲ್, ಕೋಬೋದಂಥವು. ಇವು ಹಗುರ, ನೆಮ್ಮದಿ, ಬ್ಯಾಟರಿ ಹೆಚ್ಚು ಬಾಳುತ್ತದೆ. ಆದರೆ ಕನ್ನಡ ಆ್ಯಪ್‌ಗಳನ್ನು ಇವುಗಳಿಗೆ ಹಾಕಿಕೊಳ್ಳಲು ಬರುವುದಿಲ್ಲ. ಎರಡನೆಯದು ಇ-ಇಂಕ್ ಪರದೆಯೇ ಇದ್ದು ಒಳಗೆ ಆಂಡ್ರಾಯ್ಡ್ ನಡೆಯುವಂಥವು. ಓನಿಕ್ಸ್ ಕಂಪನಿಯ ಬೂಕ್ಸ್ ಈ ಬಗೆಯದು. ಇವುಗಳಲ್ಲಿ ಆ್ಯಪ್ ಹಾಕಿಕೊಂಡು, ಅಲ್ಲಿ ಕೊಂಡ ಕನ್ನಡ ಪುಸ್ತಕವನ್ನು ಇ-ಇಂಕ್ ಪರದೆಯ ಮೇಲೆಯೇ ಓದಬಹುದು. ಬೆಲೆ ಹೆಚ್ಚು, ಮತ್ತು ಮೊಬೈಲಿನ ಕೆಲವು ಚಪಲಗಳು ಹಿಂಬಾಗಿಲಿನಿಂದ ಇಲ್ಲಿಗೂ ಬರುತ್ತವೆ. ನಿಮ್ಮ ಪಟ್ಟಿಯಲ್ಲಿ ಕನ್ನಡವೇ ಮೇಲುಗೈಯಾಗಿದ್ದು, ಹೊಸ ಪುಸ್ತಕಗಳನ್ನು ಕೊಂಡು ಓದುವವರು ನೀವಾಗಿದ್ದರೆ ಎರಡನೆಯದು ಸರಿ. ಇಂಗ್ಲಿಷ್ ಹೆಚ್ಚು, ಕನ್ನಡದಲ್ಲಿ ಹಳೆಯ ಕೃತಿಗಳೇ ಸಾಕು ಎನ್ನುವವರಿಗೆ ಮೊದಲನೆಯದು ಧಾರಾಳವಾಯಿತು.

ಇನ್ನು ಪರದೆಯ ಅಳತೆ. ಇಲ್ಲಿ ನಾನು ಎಡವಿದೆ. ಕನ್ನಡದ ಕಾದಂಬರಿ, ವಿಮರ್ಶೆ ಬಹಳಷ್ಟು ಅಚ್ಚಾಗುವುದು 1/8 ಡೆಮಿ ಆಕಾರದಲ್ಲಿ, ಅಂದರೆ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಇದು 10 ಅಂಗುಲಕ್ಕೂ ತುಸು ಹೆಚ್ಚಾಗುತ್ತದೆ. ನಾನು ಕೊಂಡದ್ದು 6 ಅಂಗುಲದ ಪರದೆ. ಅದರ ಅಗಲ 3.6 ಅಂಗುಲ. ಇಪಬ್ ಎಂಬ ಇ-ಪುಸ್ತಕ ರೂಪದ ಕಡತಗಳಲ್ಲಿ ಅಕ್ಷರ ಹಿಗ್ಗಿಸಿದಂತೆ ಸಾಲುಗಳು ತಾವಾಗಿಯೇ ಮುರಿದುಕೊಳ್ಳುವುದರಿಂದ ಅಲ್ಲಿ ತೊಂದರೆಯಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಗಲ್ಲ, ಅದು ಪುಟದ ಫೋಟೊ. ಅಗಲಕ್ಕೆ ಹೊಂದಿಸಿದರೂ ಡೆಮಿ ಪುಟ ಆ ಪರದೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ, ಒತ್ತಕ್ಷರಗಳು ಸಾಸಿವೆ ಕಾಳಾಗುತ್ತವೆ. ಸ್ಕ್ಯಾನ್ ಪುಸ್ತಕಗಳನ್ನೇ ಹೆಚ್ಚು ಓದುವ ಸಂಶೋಧಕರು, ಅಧ್ಯಾಪಕರು 10 ಅಂಗುಲದ ಪರದೆಗಿಂತ ಚಿಕ್ಕದನ್ನು ಕೊಳ್ಳದಿರುವುದೇ ಲೇಸು. ಈಗಾಗಲೇ ಚಿಕ್ಕದನ್ನು ಕೊಂಡವರಿಗೆ ಒಂದು ಉಪಾಯವಿದೆ: ಪಿಡಿಎಫ್‌ನ ಖಾಲಿ ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡಲಾಗಿ ತಿರುಗಿಸಿ ಹಿಡಿಯಿರಿ. ಆಗ ಪರದೆಯ ಅಗಲ 4.8 ಅಂಗುಲವಾಗುತ್ತದೆ, ಅಂಚು ಬಿಟ್ಟರೆ ಅಚ್ಚಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ ಅಥವಾ ಇನ್ನೂ ಕಡಿಮೆ ಇರುವುದರಿಂದ ಅಕ್ಷರಗಳು ಮೂಲದ ಗಾತ್ರಕ್ಕೆ ಮರಳುತ್ತವೆ. ಒಂದು ಪುಟವನ್ನು ಎರಡು ಮೂರು ಕಂತಿನಲ್ಲಿ ಓದಬೇಕಾಗುತ್ತದೆ, ಅಷ್ಟೇ.

ಒಂದು ಪುಟದ ಪರೀಕ್ಷೆ

ಯಾವ ಸಾಧನವೇ ಆಗಲಿ, ಹಣ ಕೊಡುವ ಮೊದಲು, ಅಥವಾ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಕನ್ನಡದ ಒಂದು ಪರೀಕ್ಷಾ ಪುಟವನ್ನು ಅದರಲ್ಲಿ ತೆರೆದು ನೋಡಲೇಬೇಕು. ನಾನು ಮಾಡಿಟ್ಟುಕೊಂಡಿರುವ ಪುಟದಲ್ಲಿ ಈ ಪದಗಳಿವೆ: ಸ್ತ್ರೀ, ಜ್ಞಾನ, ಸ್ವಾತಂತ್ರ್ಯ, ರಾಷ್ಟ್ರ, ಈರ್ಷ್ಯೆ, ಕರ್ತವ್ಯ, ಉತ್ಪ್ರೇಕ್ಷೆ, ಕೃತಜ್ಞತೆ, ಅರ್ಘ್ಯ, ಮಹತ್ತ್ವ, ಸೂಕ್ಷ್ಮ. ಇವಿಷ್ಟನ್ನು ಒಂದು ವರ್ಡ್ ಕಡತದಲ್ಲಿ ಬೆರಳಚ್ಚಿಸಿ, ಇಪಬ್ ಆಗಿ ಬದಲಿಸಿ, ಸಾಧನಕ್ಕೆ ಹಾಕಿ. ಒತ್ತಕ್ಷರಗಳು ಅಕ್ಷರದ ಕೆಳಗೆ ಸರಿಯಾಗಿ ಕುಳಿತಿವೆಯೇ, ಅರ್ಕಾವತ್ತು ತನ್ನ ಜಾಗದಲ್ಲಿ ನಿಂತಿದೆಯೇ, ಎರಡು ಒತ್ತುಗಳಿರುವ ಕಡೆ ಒಂದರ ಮೇಲೊಂದು ಬಿದ್ದಿವೆಯೇ ಎಂದು ನೋಡಿ. ನನ್ನ ಮೊದಲ ಸಾಧನದಲ್ಲಿ "ಸ್ತ್ರೀ" ಎಂಬುದು "ಸ್‌ತ್‌ರೀ" ಎಂದು ಸಾಲಾಗಿ ನಿಂತಿತ್ತು. ಹಿಂದಿರುಗಿಸಲು ಹೋದಾಗ ಮಾರಿದವರು, ಸಾಧನ ಕೆಟ್ಟಿಲ್ಲ, ಇಂಗ್ಲಿಷ್ ಚೆನ್ನಾಗಿಯೇ ಕಾಣುತ್ತದಲ್ಲ ಎಂದರು. ಅವರ ಕಣ್ಣಿಗೆ ಅದು ದೋಷವಾಗಿರಲಿಲ್ಲ, ನನಗೆ ಆ ಪುಟವನ್ನು ಓದಲಾಗುತ್ತಿರಲಿಲ್ಲ.

ಪದಗಳು ಹೀಗೆ ಒಡೆಯುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಅಕ್ಷರಗಳನ್ನು ಜೋಡಿಸುವ ತಂತ್ರಾಂಶಕ್ಕೇ ಕನ್ನಡ ಬಾರದಿದ್ದರೆ ನಾವು ಮಾಡುವಂಥದ್ದು ಹೆಚ್ಚೇನಿಲ್ಲ, ಬೇರೆ ಸಾಧನವನ್ನು ನೋಡಬೇಕು. ಫಾಂಟ್ ಇಲ್ಲದ್ದಷ್ಟೇ ಕಾರಣವಾದರೆ ಉಪಾಯ ಸುಲಭ. ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡದಂತಹ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟನ್ನು ಇಳಿಸಿಕೊಂಡು, ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ, ಅದರ ಫಾಂಟ್ಸ್ ಎಂಬ ಫೋಲ್ಡರಿನೊಳಗೆ ಹಾಕಿದರೆ, ಓದುವಾಗ ಅಕ್ಷರ ಶೈಲಿಯ ಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಪರೀಕ್ಷೆ ಗೆದ್ದ ಮೇಲೆ ಸೆಟ್ಟಿಂಗ್‌ನಲ್ಲಿ ಎರಡು ಬದಲಾವಣೆ ಮಾಡಿಕೊಳ್ಳಿ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಡುವುದಕ್ಕಿಂತ ಒಂದು ಹಂತ ಹೆಚ್ಚಿಸಿ; ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತವೆ. ಎರಡೂ ಅಂಚುಗಳನ್ನು ಸಮ ಮಾಡುವ ಆಯ್ಕೆಯನ್ನು ತೆಗೆದುಹಾಕಿ, ಎಡ ಅಂಚು ಮಾತ್ರ ಸಮವಿರಲಿ. ವಿಭಕ್ತಿ, ಸಂಧಿ, ಸಮಾಸಗಳಿಂದ ನಮ್ಮ ಪದಗಳು ಉದ್ದ. "ಹೇಳಿಕೊಳ್ಳಬೇಕಾಗಿರಲಿಲ್ಲವೆಂದು" ಎಂಬ ಒಂದೇ ಪದ ಚಿಕ್ಕ ಪರದೆಯ ಸಾಲನ್ನು ನುಂಗುತ್ತದೆ. ಅದು ಕೆಳಗಿಳಿದಾಗ ಮೇಲಿನ ಸಾಲಿನ ಎರಡೇ ಪದಗಳು ಎರಡು ದಡಗಳಲ್ಲಿ ನಿಂತು ನಡುವೆ ಹೊಳೆ ಹರಿಯುವಷ್ಟು ಜಾಗ ಬಿಡುತ್ತವೆ.

ಕನ್ನಡ ಪುಸ್ತಕಗಳನ್ನು ತುಂಬಿಸುವುದು

ಹೊಸ ಪುಸ್ತಕಗಳನ್ನು ಕೊಂಡೇ ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು "ಸಾಹಿತ್ಯ ಸೇವೆ" ಎಂದು ಕರೆಯುವವರಿದ್ದಾರೆ. ಸಾವಿರ ಪ್ರತಿ ಅಚ್ಚು ಹಾಕಿ, ಮಾರಾಟವಾಗುವವರೆಗೆ ಉಸಿರು ಬಿಗಿಹಿಡಿಯುವ ಪ್ರಕಾಶಕರ ಮುಂದೆ ಆ ಮಾತನ್ನು ಆಡಿ ನೋಡಲಿ.

ಹಳೆಯ ಕೃತಿಗಳ ವಿಷಯದಲ್ಲಿ ನಾವು ನಿಜಕ್ಕೂ ಶ್ರೀಮಂತರು. ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ಕಳೆದರೆ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಮೇಲಿನ ಹಕ್ಕುಸ್ವಾಮ್ಯ ಮುಗಿಯುತ್ತದೆ. ಮಂಜೇಶ್ವರದ ಗೋವಿಂದ ಪೈ ಅವರು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅಂತಹ ಅವರ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ನಿರಂಜನರ ಕೃತಿಗಳ ಕಥೆ ಬೇರೆ: 60 ವರ್ಷ ಕಾಯದೆ, 2014ರಲ್ಲಿಯೇ ಅವರ ಕುಟುಂಬದವರು ಅವನ್ನು ಎಲ್ಲರೂ ಮುಕ್ತವಾಗಿ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅಂತರಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಇಪಬ್ ರೂಪದಲ್ಲಿಯೇ ಇಳಿಸಿಕೊಳ್ಳಬಹುದಾದ್ದರಿಂದ ಇ-ರೀಡರಿಗೆ ಮೊದಲು ತಡಕಬೇಕಾದ ಜಾಗ ಅದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಸ್ಕ್ಯಾನ್‌ಗಳೂ, ಸರ್ವೆಂಟ್ಸ್ ಆಫ್ ನಾಲೆಜ್ ಬಳಗದವರು ಸೇರಿಸಿದ ಕನ್ನಡ ಪುಸ್ತಕ, ಪತ್ರಿಕೆಗಳೂ ರಾಶಿಯಾಗಿವೆ. ಅಲ್ಲಿ ಹುಡುಕುವಾಗ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ, ಕಾಗುಣಿತವನ್ನು ಎರಡು ಮೂರು ಬಗೆಯಾಗಿ ಬದಲಿಸಿಯೂ ಪ್ರಯತ್ನಿಸಬೇಕು. ಹಳೆಯ ಸ್ಕ್ಯಾನ್‌ಗಳ ಹೆಸರನ್ನು ನಮೂದಿಸಿದವರು ಹಲವರು, ಕಿವಿಗೆ ಬಿದ್ದಂತೆ ಬರೆದವರೂ ಅವರಲ್ಲಿದ್ದಾರೆ.

ಗೆಳೆಯರೊಬ್ಬರು ತಮ್ಮ ಅಪ್ರಕಟಿತ ಕಾದಂಬರಿಯನ್ನು ಕಳಿಸಿದ್ದರು. ತೆರೆದರೆ ಪರದೆಯ ತುಂಬ ರೋಮನ್ ಅಕ್ಷರ, ನೆತ್ತಿಯ ಮೇಲೆ ಚುಕ್ಕಿ, ಟೋಪಿ. 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತದ ಹಣೆಬರಹವೇ ಅದು. ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವವರೆಗೆ ಕನ್ನಡದ ವೇಷ ತೊಟ್ಟಿರುತ್ತದೆ. ಬೇರೆಡೆ ಹೋದ ಕೂಡಲೇ ವೇಷ ಕಳಚುತ್ತದೆ. ಇಂಥ ಕಡತವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ದೀರ್ಘಗಳು ಸರಿಯಾಗಿವೆಯೇ ಎಂದು ಒಮ್ಮೆ ಕಣ್ಣಾಡಿಸಿ, ಆಮೇಲೆ ಇಪಬ್ ಮಾಡಬೇಕು. ಇಪಬ್ ಮಾಡುವ ಕೆಲಸಕ್ಕೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಸಾಕು. ಕೋವಿದ್ ಗೋಯಲ್ ಎಂಬವರು 2006ರಲ್ಲಿ ಆರಂಭಿಸಿದ ಇದು ಕಡತಗಳ ರೂಪ ಬದಲಿಸುವುದಲ್ಲದೆ, ಲೇಖಕರ ಹೆಸರು, ಮುಖಪುಟ, ಪ್ರಕಾರಗಳ ಸಮೇತ ಇಡೀ ಸಂಗ್ರಹವನ್ನು ಓರಣವಾಗಿ ಇಡುತ್ತದೆ. ಒಂದು ಭಾನುವಾರ ಕುಳಿತು ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿಯೇ ನಮೂದಿಸಿ. ಬೇಸರದ ಕೆಲಸವಾದರೂ ಆಮೇಲೆ ಅಕಾರಾದಿಯಾಗಿ ಸಿಗುವ ಸುಖ ದೊಡ್ಡದು.

ಕಿಂಡಲ್‌ಗೆ ನಮ್ಮ ಕಡತ ಕಳಿಸುವ ಸೆಂಡ್ ಟು ಕಿಂಡಲ್ ಸೌಲಭ್ಯ 2022ರಿಂದ ಇಪಬ್ ಕಡತಗಳನ್ನು ಸ್ವೀಕರಿಸುತ್ತದೆ. ಹಿಂದೆ ಬೇಕಾಗುತ್ತಿದ್ದ ಮೋಬಿ ರೂಪದ ಗೊಡವೆ ಈಗ ಬೇಡ.

ಓದಿನ ಅಭ್ಯಾಸದಲ್ಲಿ ಬದಲಾಗುವುದು

ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಹಳೆಯ ಕಾದಂಬರಿಗಳ ಸಣ್ಣ ಅಚ್ಚು ಅವರಿಗೆ ಕಷ್ಟವಾಯಿತು. ಇ-ರೀಡರಿನಲ್ಲಿ ಅಕ್ಷರವನ್ನು ಪಾವಲಿಯಷ್ಟು ಮಾಡಿ ಕೈಗೆ ಕೊಟ್ಟೆ. ಅವರು ಅಭ್ಯಾಸದಂತೆ ತೋರುಬೆರಳನ್ನು ನಾಲಿಗೆಗೆ ತಾಗಿಸಿ ಪರದೆಯ ಮೂಲೆಯನ್ನು ಸವರಿದರು. ಒದ್ದೆ ಬೆರಳಿಗೆ ಪರದೆ ಗಲಿಬಿಲಿಗೊಂಡು ನಾಲ್ಕು ಪುಟ ಮುಂದಕ್ಕೋಡಿತು. ಅದು ಒಂದು ವಾರದಲ್ಲಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಇನ್ನೊಂದು. "ಇನ್ನೆಷ್ಟು ಉಳೀತು ಅಂತ ಹೆಂಗೋ ತಿಳ್ಯೋದು?" ಎಂದು ಕೇಳಿದರು. ಕೆಳಗಿನ ಮೂಲೆಯ ಶೇಕಡಾ 62 ಎಂಬ ಅಂಕಿಯನ್ನು ತೋರಿಸಿದೆ. "ಅಂದ್ರೆ ಅವಳ ಮದುವೆ ಈಗ ಆಗುತ್ತೋ, ಇನ್ನೂ ತಡವೋ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಲಗೈಯಲ್ಲಿ ಉಳಿದ ಹಾಳೆಗಳ ದಪ್ಪವನ್ನು ನೋಡಿ ಕಥೆಯ ನಡಿಗೆಯನ್ನು ಅಂದಾಜು ಮಾಡುವುದು ಎಷ್ಟು ಆಳದ ಅಭ್ಯಾಸ ಎಂಬುದು ಅದು ಇಲ್ಲವಾದಾಗಲೇ ತಿಳಿಯುತ್ತದೆ. "ಎಡಪುಟದ ಕೆಳಗಿನ ಭಾಗದಲ್ಲಿ, ಮುಕ್ಕಾಲು ಪುಸ್ತಕ ಕಳೆದ ಮೇಲೆ" ಎಂಬ ಜಾಗದ ನೆನಪೂ ಇಲ್ಲಿ ಹುಟ್ಟುವುದಿಲ್ಲ, ಅಕ್ಷರ ದೊಡ್ಡದಾದರೆ ಎಡವೂ ಬಲವೂ ಬದಲಾಗುತ್ತವೆ. ಇದಕ್ಕೆ ನಾನು ಕಂಡುಕೊಂಡ ಅರೆಬರೆ ಪರಿಹಾರವೆಂದರೆ, ಕಾದಂಬರಿ ಆರಂಭಿಸುವಾಗ ಪರಿವಿಡಿಯನ್ನು ನೋಡಿ ಅಧ್ಯಾಯಗಳೆಷ್ಟು ಎಂದು ಮನಸ್ಸಿನಲ್ಲಿಟ್ಟುಕೊಳ್ಳುವುದು, ಅಕ್ಷರದ ಗಾತ್ರವನ್ನು ಪುಸ್ತಕದ ನಡುವೆ ಬದಲಿಸದಿರುವುದು, ಮತ್ತು ಶೇಕಡಾವಾರಿನ ಬದಲು ಅಧ್ಯಾಯ ಮುಗಿಯಲು ಉಳಿದ ಪುಟಗಳನ್ನು ತೋರಿಸುವ ಆಯ್ಕೆಯನ್ನು ಹಾಕಿಕೊಳ್ಳುವುದು.

ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುವ ಸೌಲಭ್ಯವನ್ನು ಹೊಗಳುವವರು ಕನ್ನಡದಲ್ಲಿ ಅದನ್ನು ಬಳಸಿ ನೋಡಿದಂತಿಲ್ಲ. ನಿಘಂಟಿನಲ್ಲಿ "ಕಣಿವೆ" ಇರುತ್ತದೆ, ಪುಟದಲ್ಲಿರುವುದು "ಕಣಿವೆಯಾಚೆಗಿನವರಿಗೂ". ಸಾಧನ ಪ್ರತ್ಯಯಗಳನ್ನು ಕಳಚಿ ಮೂಲಪದಕ್ಕೆ ಹೋಗಲಾರದೆ ಏನೂ ಸಿಗಲಿಲ್ಲವೆನ್ನುತ್ತದೆ. ವಿ. ಕೃಷ್ಣ ಅವರ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ ಅಂತರಜಾಲದಲ್ಲಿ ಮುಕ್ತವಾಗಿದೆ. ಪದವನ್ನು ನಾವೇ ಬಿಡಿಸಿ ಮೊಬೈಲಿನಲ್ಲಿ ಹುಡುಕುವುದು ಸದ್ಯಕ್ಕೆ ವಾಸಿ.

ಕಾಗದದಲ್ಲಿಯೇ ಉಳಿಸಿಕೊಳ್ಳಬೇಕಾದುದು

ಇ-ಪುಸ್ತಕ "ಕೊಂಡೆ" ಎನ್ನುವಾಗ ಸಾಮಾನ್ಯವಾಗಿ ನಮಗೆ ದಕ್ಕುವುದು ಓದುವ ಪರವಾನಗಿ, ಪುಸ್ತಕವಲ್ಲ. 2009ರ ಜುಲೈಯಲ್ಲಿ ಹಕ್ಕಿನ ತಕರಾರಿನಿಂದಾಗಿ ಅಮೆಜಾನ್ ಜಾರ್ಜ್ ಆರ್ವೆಲ್ ಅವರ ಎರಡು ಕೃತಿಗಳ ಪ್ರತಿಗಳನ್ನು ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ, ಆಮೇಲೆ ಕ್ಷಮೆ ಕೇಳಿತು. 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಧನಕ್ಕೆ ಹಾಕುವ ದಾರಿಯನ್ನೂ ಮುಚ್ಚಿತು. ಆ್ಯಪ್‌ಗಳಲ್ಲಿ ಕೊಂಡದ್ದೂ ಆ ಆ್ಯಪ್ ಬಾಳುವಷ್ಟು ದಿನ. ಆದ್ದರಿಂದ ನಾನು ಒಂದು ಕಟ್ಟಳೆ ಹಾಕಿಕೊಂಡಿದ್ದೇನೆ: ಒಮ್ಮೆ ಓದಿ ಮುಗಿಸುವ ಪುಸ್ತಕ, ಪ್ರಯಾಣದ ಪುಸ್ತಕ, 600 ಪುಟ ದಾಟಿ ಎದೆಯ ಮೇಲೆ ಇಟ್ಟರೆ ಉಸಿರು ಕಟ್ಟಿಸುವ ಪುಸ್ತಕ, ಮತ್ತು ಪ್ರತಿ ಸಿಗದ ಹಳೆಯ ಪುಸ್ತಕ ಇ-ರೀಡರಿಗೆ. ಕವಿತೆ, ನಿಘಂಟು, ಚಿತ್ರಗಳಿರುವವು, ಗೆರೆ ಎಳೆದು ಮತ್ತೆ ಮತ್ತೆ ತೆರೆಯುವವು, ಇನ್ನೊಬ್ಬರಿಗೆ ಎರವಲು ಕೊಡಬೇಕೆನಿಸುವವು ಕಾಗದದಲ್ಲಿ. ಕವಿತೆಯನ್ನು ಬೇರೆಯಾಗಿ ಹೇಳಿದ್ದಕ್ಕೆ ಕಾರಣವಿದೆ. ಸಾಲು ಎಲ್ಲಿ ಮುರಿಯಬೇಕೆಂದು ಕವಿ ತೀರ್ಮಾನಿಸಿರುತ್ತಾರೆ, ಚಿಕ್ಕ ಪರದೆ ಅದನ್ನು ತನಗೆ ತೋಚಿದಲ್ಲಿ ಮುರಿಯುತ್ತದೆ.

ಇನ್ನು ಕಪಾಟು ಹಗುರ ಮಾಡುವುದು. ಇ-ಪ್ರತಿ ಸಿಕ್ಕಿತೆಂದು ಮರುದಿನವೇ ಕಾಗದದ ಪ್ರತಿಯನ್ನು ಕೊಟ್ಟುಬಿಡಬೇಡಿ, ಒಂದು ವರ್ಷ ಬಿಡಿ. ಆ ವರ್ಷದಲ್ಲಿ ಕೈ ಒಮ್ಮೆಯೂ ಅದರ ಕಡೆ ಹೋಗದಿದ್ದರೆ, ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರವೆಂದು ಕರೆಯುತ್ತಾರೆ, ಮೊದಲೇ ವಿಚಾರಿಸಿ, ಅವರಿಗೆ ಬೇಕಾದವನ್ನು ಮಾತ್ರ ಕೊಡಿ. ಗೆದ್ದಲು ತಿಂದದ್ದನ್ನೂ ಹಳೆಯ ಗೈಡುಗಳನ್ನೂ ದಾನದ ಹೆಸರಿನಲ್ಲಿ ಸಾಗಹಾಕಬೇಡಿ. ಕೊಡುವ ಮೊದಲು ಪ್ರತಿ ಪುಸ್ತಕದ ಮೊದಲ ಹಾಳೆಯನ್ನೂ ತೆರೆದು ನೋಡಿ. ನಮ್ಮ ತಂದೆಯವರು ಎಲ್ಲ ಪುಸ್ತಕಗಳ ರಟ್ಟಿನ ಒಳಬದಿಯಲ್ಲಿ ಕೊಂಡ ಊರು, ತಾರೀಖು, ಬೆಲೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. "ಹುಬ್ಬಳ್ಳಿ, 14-1-79, ರೂ. 6, ಬಸ್ಸು ತಪ್ಪಿತು" ಎಂಬಂಥವು.

ಈ ಪ್ರಕಾರ ವಿಂಗಡಿಸುತ್ತ ಹೋಗಿ 23 ಪೆಟ್ಟಿಗೆಗಳು ಈಗ 14 ಆಗಿವೆ. ಕೊಡುವುದೋ ಇಡುವುದೋ ತಿಳಿಯದ ಪುಸ್ತಕಗಳು ಒಂದು ಪೆಟ್ಟಿಗೆಯಷ್ಟಿವೆ. ಅದರ ಮೇಲೆ "ಯುಗಾದಿ ಕಳೆದ ಮೇಲೆ ನೋಡುವುದು" ಎಂದು ಮಾರ್ಕರಿನಲ್ಲಿ ಬರೆದು ಮಂಚದ ಕೆಳಗೆ ತಳ್ಳಿದ್ದೇನೆ. ಅದಾದ ಮೇಲೆ ಯುಗಾದಿ ಎರಡು ಸಲ ಬಂದು ಹೋಗಿದೆ.